ಕಣ್ಣೆದುರೇ ಇರುವ ಪದ ಹುಡುಕಿದರೆ ಸಿಗುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕಾಗುಣಿತ ತಪಾಸಣೆಗೆಂದು ಒಂದು ಕನ್ನಡ ಪದಪಟ್ಟಿ ತಿದ್ದುತ್ತಿದ್ದೇನೆ. ಬೇರೆ ಬೇರೆಯವರು ಟೈಪ್ ಮಾಡಿದ್ದು ಒಂದೇ ಫೈಲಿನಲ್ಲಿದೆ. ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ‘ಸಂಬಂಧ’ ಅಂತ ಹುಡುಕಿದರೆ ಕೆಲವು ಸಾಲು ಮಾತ್ರ ಸಿಗುತ್ತವೆ. ಸಿಗದ ಪದವನ್ನೇ ಕಾಪಿ ಮಾಡಿ ಹುಡುಕಿದರೆ ಅದು ಸಿಗುತ್ತದೆ, ಉಳಿದವು ಮಾಯ! ಒಳಗೆ ಬೇರೆ ಏನೋ ಅಕ್ಷರ ಕೂತಿದೆ ಅಲ್ವಾ? ಒಂದೊಂದೇ ಸಾಲು ನೋಡುವಷ್ಟು ಚಿಕ್ಕ ಫೈಲ್ ಅಲ್ಲ. ಪಟ್ಟಿಯಲ್ಲೇ ತಪ್ಪು ಉಳಿದರೆ ಬಳಸುವವರಿಗೆಲ್ಲ ತಪ್ಪು ಹೋಗುತ್ತದೆ, ಅದೇ ಚಿಂತೆ.

ಉತ್ತರ 1:
ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಇರಬಹುದು. ‘ಸಂಬಂಧ’, ‘ಸ೦ಬ೦ಧ’ ಎರಡನ್ನೂ ನೋಡಿ. ಎರಡನೆಯದರಲ್ಲಿ ಇರುವುದು ಅಂಕಿ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರ 3202, ಸೊನ್ನೆ 3302. ರೆಜೆಕ್ಸ್ (ಮಾದರಿ ಕೊಟ್ಟು ಹುಡುಕುವ ಸೌಲಭ್ಯ) ಆನ್ ಮಾಡಿ ಹೀಗೆ ಹುಡುಕಿ:

([^೦-೯ .,])೦

ಅಂದರೆ ಅಂಕಿ, ಖಾಲಿ ಜಾಗ, ಚುಕ್ಕಿ, ಕಾಮಾ ಬಿಟ್ಟು ಬೇರೆ ಯಾವುದರ ಹಿಂದೆಯೇ ಬಂದ ಸೊನ್ನೆ. ‘೧೦’ ಸಿಕ್ಕಿಬೀಳುವುದಿಲ್ಲ. ಬದಲಿಗೆ $1ಂ ಹಾಕಿ ($1 ಅಂದರೆ ಸೊನ್ನೆಗೆ ಮುಂಚಿನ ಅಕ್ಷರ). ಉಲ್ಟಾ ತಪ್ಪಿಗೆ, ಅಂದರೆ ಸೊನ್ನೆಯ ಜಾಗದಲ್ಲಿ ಅನುಸ್ವಾರ ಬಂದಿದ್ದರೆ, [೦-೯]ಂ ಅಂತಲೂ ಒಮ್ಮೆ ನೋಡಿಬಿಡಿ.

ಉತ್ತರ 2:
ಕಾಣದ ಅಕ್ಷರಗಳಿಗೆ ನಾನು ಬಳಸುವುದು ಇದು:

[^ -~ಂ-೯]

ಸ್ಪೇಸ್‌ನಿಂದ ~ ತನಕ ಕೀಬೋರ್ಡಿನ ಮಾಮೂಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳೆಲ್ಲ ಬಂದವು. ಅನುಸ್ವಾರದಿಂದ ೯ ತನಕ ಕನ್ನಡ. ಇವೆರಡೂ ಅಲ್ಲದ್ದು ಮಾತ್ರ ಸಿಗುತ್ತದೆ. ಟ್ಯಾಬ್ ಕೂಡ ಸಿಗುತ್ತದೆ, ಅದನ್ನು ಬಿಡಿ. ಸಿಕ್ಕಿದ್ದು ಏನು ಅಂತ ತಿಳಿಯಲು ವಿಮ್ ಎಂಬ ಎಡಿಟರ್‌ನಲ್ಲಿ ತೆರೆದು, ಕರ್ಸರ್ ಅದರ ಮೇಲಿಟ್ಟು ಜಿ, ಎ ಒತ್ತಿ. 160 ಬಂದರೆ ಸಾಲು ಮುರಿಯಲು ಬಿಡದ ಸ್ಪೇಸ್, 8203 ಬಂದರೆ ಅಗಲವೇ ಇಲ್ಲದ ಸ್ಪೇಸ್.

ಆದರೆ ದಯವಿಟ್ಟು 8204 (ಪಕ್ಕದ ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಅಕ್ಷರ) ಮತ್ತು 8205 (ಕೂಡಿಸುವ ಕಾಣದ ಅಕ್ಷರ) ಅನ್ನು ಸುಮ್ನೆ ಒಟ್ಟಿಗೆ ಅಳಿಸಬೇಡಿ. ಕನ್ನಡಕ್ಕೆ ಅವು ಬೇಕು. ‘ಸಾಫ್ಟ್‌ವೇರ್’ ಪದದಲ್ಲಿ 8204 ತೆಗೆದರೆ ‘ಸಾಫ್ಟ್ವೇರ್’ ಆಗಿ ವ ಹೋಗಿ ಟ್ ಕೆಳಗೆ ಒತ್ತಾಗಿ ಕೂರುತ್ತದೆ. ಪದದ ಕೊನೆಯಲ್ಲೋ ಎರಡೆರಡು ಸಲವೋ ಬಂದಿದ್ದರೆ ಹೆಚ್ಚಾದದ್ದನ್ನು ಮಾತ್ರ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಸೊನ್ನೆಯೇ ಜಾಸ್ತಿ ಇತ್ತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. 8204 ಮುಟ್ಟಿಲ್ಲ. ಆದರೆ ‘ಕೊಡು’ ಇನ್ನೂ ಕೆಲವು ಕಡೆ ಸಿಗುತ್ತಿಲ್ಲ. ಅದರಲ್ಲಿ ಅನುಸ್ವಾರವೇ ಇಲ್ಲವಲ್ಲ?

ಉತ್ತರ 3:
ಅದು ಅನುಸ್ವಾರದ ವಿಷಯವಲ್ಲ, ಸ್ವರಚಿಹ್ನೆಯದು. ‘ೊ’ ಒಂದೇ ಚಿಹ್ನೆಯಾಗಿ 3274 ಇರಬಹುದು. ಇಲ್ಲವೇ 3270, 3266 ಎಂಬ ಎರಡು ಚಿಹ್ನೆ ಸೇರಿಯೂ ಆಗಿರಬಹುದು. ತೆರೆಯ ಮೇಲೆ ಒಂದೇ ಥರ ಕಾಣುತ್ತವೆ, ಎಡಿಟರ್ ಮಾತ್ರ ಬೇರೆ ಅಂತಲೇ ಎಣಿಸುತ್ತದೆ. ‘ೋ’, ‘ೇ’, ‘ೀ’, ‘ೈ’ ಕೂಡ ಹೀಗೆಯೇ ಒಡೆದಿರಬಹುದು. ಒಂದೊಂದಾಗಿ ಬದಲಿಸುವ ಬದಲು ಫೈಲಿನ ಒಂದು ಪ್ರತಿ ಇಟ್ಟುಕೊಂಡು, ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಇಡೀ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಒಡೆದ ಚಿಹ್ನೆಗಳನ್ನು ಒಂದಾಗಿಸುವ ರೂಪ) ತನ್ನಿ. 8204 ಹಾಗೇ ಉಳಿಯುತ್ತದೆ. ಸೊನ್ನೆ ತಪ್ಪುಗಳು ಇದರಿಂದ ಸರಿಹೋಗುವುದಿಲ್ಲ, ಅದಕ್ಕೆ ಮೇಲಿನ ರೆಜೆಕ್ಸೇ ಬೇಕು.