ಪಕ್ಕದ ಮನೆ ಹುಡುಗಿ ಓದ್ತಾಳೆ, ನನ್ನ ಮಗ ಯಾಕೆ ಓದಲ್ಲ?

(ಕಳೆದ ವಾರದ ಸಮಸ್ಯೆ: ಒಂದನೇ ಕ್ಲಾಸಿನ ಆರು ವರ್ಷದ ಮಗ ಅಂಕಿಗಳನ್ನು ತಿರುಗಾಮುರುಗಾ ಬರೆಯುತ್ತಾನೆ. ಕಾಪಿ ಬರೆಯಲು ಕೂರಿಸಿದರೆ ಕೈ ನೋವು ಎಂದು ಅಳುತ್ತಾನೆ. ಅದೇ ವಯಸ್ಸಿನ ಪಕ್ಕದ ಮನೆ ಹುಡುಗಿ ಪೇಪರ್ ಓದುತ್ತಾಳೆ. ಟ್ಯೂಷನ್‌ಗೆ ಹಾಕಲೇ?)

ಪ್ರೀತಿಯ ತಂಗಿ,

ಇಪ್ಪತ್ತೆರಡು ವರ್ಷ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕಳೆದವಳು ನಾನು. 3 ಮತ್ತು 7 ತಿರುಗಿಸಿ ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಿದ್ದರು. ಅದು ದಡ್ಡತನ ಅಲ್ಲ, ಸೋಮಾರಿತನವೂ ಅಲ್ಲ. ಕಪ್ಪಿನ ಹಿಡಿ ಎಡಕ್ಕಿದ್ದರೂ ಅದು ಕಪ್ಪೇ, ಬಲಕ್ಕಿದ್ದರೂ ಕಪ್ಪೇ. ಹುಟ್ಟಿದಾಗಿನಿಂದ ಮಗು ಹಾಗೇ ಕಲಿತಿದೆ. ಯಾವ ಕಡೆ ತಿರುಗಿದೆ ಅನ್ನೋದು ಮುಖ್ಯ ಆಗುವುದು ಅಕ್ಷರ, ಅಂಕಿಯ ಹತ್ತಿರ ಬಂದಾಗ ಮಾತ್ರ. ಅದು ತಲೆಗೆ ಹೋಗಲು ಸಮಯ ಬೇಕು. ಸಾಮಾನ್ಯವಾಗಿ ಏಳು, ಎಂಟು ವರ್ಷದ ಹೊತ್ತಿಗೆ ಸರಿಹೋಗುತ್ತದೆ.

ಕೈ ನೋವು ಎಂದರೆ ದಯವಿಟ್ಟು ನಂಬಿ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಯೇ ಆಗಿರುವುದಿಲ್ಲ, ಕಿವಿಯ ಹಾಗೆ ಮೆತ್ತಗಿರುತ್ತವೆ. ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು, ಕೊನೆಯದು ಮೂಳೆಯಾಗಲು ಶುರುವಾಗುವುದೇ 9ರಿಂದ 12 ವರ್ಷದ ನಡುವೆ. ಬೆರಳುಗಳೂ ಇನ್ನೂ ಎಳೆಯವು. ಅಂಥ ಕೈಯಲ್ಲಿ ದಿನಾ ಎರಡು ಪುಟ ಕಾಪಿ ಬರೆಸುವುದು ಜಾಸ್ತಿಯಾಯಿತು, ಅಲ್ವಾ? ಅವನನ್ನು ಅಡುಗೆಮನೆಗೆ ಕರೆಯಿರಿ. ಚಪಾತಿ ಹಿಟ್ಟು ನಾದಲಿ, ಅವರೆಕಾಯಿ ಬಿಡಿಸಲಿ, ಹೂ ಪೋಣಿಸಲಿ. ಪೆನ್ಸಿಲ್ ಹಿಡಿಯುವ ಬಲ ಬರುವುದು ಅಲ್ಲಿಂದಲೇ.

ಇನ್ನೊಂದು ಮಾತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ನಲಿ-ಕಲಿ ಎಂಬ, ಆಡುತ್ತಾ ಕಲಿಯುವ ಪದ್ಧತಿ ಶುರುವಾಯಿತು. ಅಲ್ಲಿ ಮೊದಲು ಕಲಿಸುವುದು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಅರಸ, ಅಗಸ, ಸರ, ಗರಗಸ ಎಲ್ಲ ಓದಬಹುದು. ವರ್ಣಮಾಲೆ ಮುಗಿಯಲಿ ಎಂದು ಮಗು ಕಾಯಬೇಕಿಲ್ಲ. ಗರಗಸ ಓದಿದ ದಿನ ಬಡಗಿಯ ಮಗನೊಬ್ಬ ಓಡಿ ಬಂದು "ಮಿಸ್, ಇದು ನಮ್ಮಪ್ಪನ ಹತ್ರ ಐತೆ!" ಅಂದಿದ್ದ. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಮಗನಿಗೂ ಇದೇ ಐದರಿಂದ ಶುರುಮಾಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯಲಿ. ಟ್ಯೂಷನ್ ಈಗ ಬೇಡವೇ ಬೇಡ.

– ನಿವೃತ್ತ ಶಿಕ್ಷಕಿ, ತಿಪಟೂರು

ಅಕ್ಕಾ, "ಬೆಳೆದರೆ ಸರಿಹೋಗುತ್ತೆ" ಎಂದು ಸುಮ್ನೆ ಮಾತ್ರ ಕೂರಬೇಡಿ. ನಾನು ಹಾಗೆ ಒಂದು ವರ್ಷ ಕೂತೆ. ನನ್ನ ಮಗಳು ಬೋರ್ಡ್ ನೋಡಿ ಬರೆಯುವಾಗ ಸಾಲು ಸಾಲೇ ಬಿಡುತ್ತಿದ್ದಳು. ಶಾಲೆಯಲ್ಲಿ ಗಮನ ಇಲ್ಲ ಅಂದರು, ನಾನೂ ಬೈದೆ. ಎರಡನೇ ಕ್ಲಾಸಿನಲ್ಲಿ ಕಣ್ಣು ತೋರಿಸಿದಾಗ ಗೊತ್ತಾಯಿತು, ಅವಳಿಗೆ ಬೋರ್ಡ್ ಮಸುಕಾಗಿ ಕಾಣುತ್ತಿತ್ತು. ಕನ್ನಡಕ ಹಾಕಿದ ದಿನ "ಅಮ್ಮಾ, ಮರದಲ್ಲಿ ಎಲೆ ಬೇರೆ ಬೇರೆ ಇದೆ" ಅಂದಳು. ಬೈದಿದ್ದೆಲ್ಲ ನೆನಪಾಗಿ ಅತ್ತುಬಿಟ್ಟೆ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಎಂಟು ವರ್ಷವಾದರೂ ಯಾವ ಅಕ್ಷರಕ್ಕೆ ಯಾವ ಉಚ್ಚಾರ ಅನ್ನೋದು ಕೂಡಿಬರದಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಹೇಳಿ. ಕಲಿಕೆಯ ತೊಂದರೆ ಇದೆಯಾ ಎಂದು ನೋಡಲು ಎಲ್ಲಿಗೆ ಹೋಗಬೇಕು ಅಂತ ಅವರು ತಿಳಿಸುತ್ತಾರೆ. ಪಕ್ಕದ ಮನೆ ಹುಡುಗಿಯ ಮಾತನ್ನು ಮಾತ್ರ ಅವನ ಮುಂದೆ ಎತ್ತಬೇಡಿ.

– ಒಬ್ಬ ತಾಯಿ, ದಾವಣಗೆರೆ

ಮಗಳೇ, ಒಂದು ಆಟ ಹೇಳುತ್ತೇನೆ. ಆರಾರು ಹುಣಸೆ ಬೀಜದ ಎರಡು ಸಾಲು ಇಡು. ಒಂದು ಸಾಲನ್ನು ಅವನ ಕಣ್ಣೆದುರೇ ಅಗಲಕ್ಕೆ ಹರಡು. ಯಾವುದು ಜಾಸ್ತಿ ಅಂತ ಕೇಳು. ನನ್ನ ಮೊಮ್ಮಗ ಐದು ವರ್ಷದಲ್ಲಿ ಉದ್ದದ ಸಾಲು ತೋರಿಸಿದ. ನಾನು ತಿದ್ದಲಿಲ್ಲ. ಸಂಜೆ ಸಂಜೆ ಅಳಗುಳಿ ಮಣೆ ಆಡಿದೆವು, ಗುಳಿಗೊಂದು ಬೀಜ ಹಾಕಿ ಎಣಿಸುತ್ತಾ. ಮುಂದಿನ ವರ್ಷ ಅದೇ ಪ್ರಶ್ನೆ ಕೇಳಿದರೆ, "ತಾತಾ, ನೀನು ದೂರ ದೂರ ಇಟ್ಟಿದೀಯ ಅಷ್ಟೇ!" ಅಂದ.

– ಒಬ್ಬ ತಾತ, ಶಿರಸಿ