ಉದ್ದದ ಡಾಗ್ ಫ್ಲವರ್: ಸಸಿ ಹುಟ್ಟುತ್ತೆ, ಮೂರೇ ದಿನಕ್ಕೆ ಮಲಗಿಬಿಡುತ್ತೆ

ತಾರಸಿತೋಟ, ಮೈಸೂರು:
ಮೂರಡಿವರೆಗೆ ಬೆಳೆಯುವ ರಾಕೆಟ್ ತಳಿಯ ಡಾಗ್ ಫ್ಲವರ್, ಅಂದರೆ ಸ್ನ್ಯಾಪ್‌ಡ್ರ್ಯಾಗನ್ ಬೀಜ ತಂದಿದ್ದೆ. ಮೊದಲ ಸಲ ಚೆಂಡು ಹೂವಿನ ಬೀಜದ ಹಾಗೆ ಅರ್ಧ ಇಂಚು ಮಣ್ಣು ಮುಚ್ಚಿದೆ. ಮೂರು ವಾರ ಕಾದರೂ ಒಂದೂ ಹುಟ್ಟಲಿಲ್ಲ. ಎರಡನೇ ಸಲ ಮಣ್ಣಿನ ಮೇಲೆ ಸುಮ್ನೆ ಉದುರಿಸಿದೆ. ಹತ್ತು ದಿನಕ್ಕೆ ಹಸಿರು ಚುಕ್ಕಿಗಳು ಕಂಡವು, ತುಂಬಾ ಖುಷಿಯಾಯ್ತು. ಆಮೇಲೆ ಮೂರೇ ದಿನ. ಬುಡ ದಾರದಂತೆ ಸಣ್ಣಗಾಗಿ ಸಸಿಗಳು ಗುಂಪುಗುಂಪಾಗಿ ಮಲಗಿಬಿಟ್ಟವು. ಮಣ್ಣಿಗೆ ಅರ್ಧ ಪಾಲು ಸಗಣಿ ಗೊಬ್ಬರ ಬೆರೆಸಿದ್ದೆ. ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದೆ. ಬೀಜವೇ ಸರಿಯಿಲ್ವಾ?

ಹೂಪಾತಿ, ಬೆಂಗಳೂರು:
ಬೀಜ ಚೆನ್ನಾಗಿದೆ ಮೇಡಂ, ಹುಟ್ಟಿತಲ್ವಾ. ಇದು ಮೊಳೆಯಲು ಬೆಳಕು ಬೇಕು. ಒಂದು ಗ್ರಾಂಗೆ ಸುಮಾರು 6,000 ಬೀಜ ಬರುತ್ತೆ. ಅಷ್ಟು ಸಣ್ಣದು ಅರ್ಧ ಇಂಚು ಮಣ್ಣು ತಳ್ಳಿಕೊಂಡು ಬರೋದು ಕಷ್ಟ.

ಎರಡನೇ ಸಲದ್ದು ಬುಡ ಕೊಳೆಯುವ ರೋಗ. ಟೊಮೆಟೊ ಸಸಿಮಡಿಯಲ್ಲೂ ಬರುತ್ತಲ್ಲ, ಅದೇ. ನಾನೂ ಎರಡು ಟ್ರೇ ಕಳೆದುಕೊಂಡಿದ್ದೇನೆ. ಗೊಬ್ಬರ, ಜಾಸ್ತಿ ನೀರು, ಒತ್ತೊತ್ತಾಗಿ ಬಿದ್ದ ಬೀಜ, ಮೂರೂ ಸೇರಿದರೆ ಶಿಲೀಂಧ್ರಕ್ಕೆ ಹಬ್ಬ.

ಈ ಸಲ ಬರೀ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ. ಚಿಟಿಕೆ ಬೀಜಕ್ಕೆ ಒಂದು ಚಮಚ ಒಣ ಮರಳು ಬೆರೆಸಿ ಉದುರಿಸಿ, ತೆಳ್ಳಗೆ ಬೀಳುತ್ತೆ. ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಮಣ್ಣು ಮುಚ್ಚಬೇಡಿ. ನೀರು ಮೇಲಿಂದ ಬೇಡ. ಟ್ರೇಯನ್ನು ಬೇಸಿನ್‌ನಲ್ಲಿ ಎರಡು ಬೆರಳು ನೀರಿಗೆ ಇಡಿ, ಕೋಕೋಪೀಟ್‌ನ ಮೇಲ್ಭಾಗ ಕಪ್ಪಾದ ತಕ್ಷಣ ಎತ್ತಿಬಿಡಿ. ಮೊಳೆತ ಮೇಲೆ ಗಾಳಿ ಆಡಬೇಕು. ಬೆಳಕೂ ಚೆನ್ನಾಗಿರಬೇಕು, ಮಧ್ಯಾಹ್ನದ ಬಿಸಿಲು ಮಾತ್ರ ಬೇಡ. 20 ಡಿಗ್ರಿ ಆಸುಪಾಸು ಇದಕ್ಕೆ ಹಿತ. ಹಾಗಾಗಿ ದಸರಾ ಹೊತ್ತಿಗೆ ಬಿತ್ತಿ.

ತಾರಸಿತೋಟ:
ಸರ್, ನೀವು ಹೇಳಿದ ಹಾಗೇ ಮಾಡಿದೆ. 40 ಸಸಿ ಉಳಿದಿವೆ! ಈಗ ನಾಲ್ಕು ಜೊತೆ ಎಲೆ ಬಂದಿದೆ. ತುದಿ ಚಿವುಟಬೇಕಂತೆ, ಹೌದಾ? ಕೈಯೇ ಬರ್ತಿಲ್ಲ.

ಹೂಪಾತಿ:
ಬಹಳ ಸಂತೋಷ ಮೇಡಂ. ಚಿವುಟಿದರೆ ನಾಲ್ಕೈದು ಕವಲೊಡೆದು ಹೂಗೊಂಚಲು ಜಾಸ್ತಿ ಬರುತ್ತೆ, ಆದರೆ ಹೂ ಎರಡು ಮೂರು ವಾರ ತಡ. ಒಂದೇ ಉದ್ದನೆಯ ದಪ್ಪ ಗೊಂಚಲು ಬೇಕಿದ್ದರೆ ಚಿವುಟಬೇಡಿ. ನಾನಾದರೆ ಅರ್ಧದಷ್ಟು ಸಸಿಗಳನ್ನು ಚಿವುಟಿ ಉಳಿದವನ್ನು ಹಾಗೇ ಬಿಡುತ್ತೇನೆ. ಒಂದಡಿ ಬಂದಾಗಲೇ ಕೋಲು ಕೊಡಿ. ಬಗ್ಗಿದ ಮೇಲೆ ಕಟ್ಟಿದರೆ ತುದಿ ಸೊಟ್ಟಗಾಗೇ ಉಳಿಯುತ್ತೆ. ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಕಂದು ಪುಡಿ ಕಂಡರೆ ಅದು ತುಕ್ಕು ರೋಗ, ಆ ಎಲೆ ಆವತ್ತೇ ಕಿತ್ತುಹಾಕಿ.