ಕಪ್ಪು ಎಸ್‌ಯುವಿ ರಿಗ್ ಶಾಟ್: ಎಷ್ಟು ಸ್ಟಾಪಿನ ಎನ್‌ಡಿ, ಎಂಥ ಮೌಂಟ್?

ನಂದಿತಪ್ಪಲು:
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಕಪ್ಪು ಎಸ್‌ಯುವಿ ಒಂದರ ಫೋಟೊ, ವಿಡಿಯೊ ಎರಡೂ ಇದೆ. ಜಾಗ ಚಿಕ್ಕಬಳ್ಳಾಪುರದ ಹತ್ತಿರ ಖಾಸಗಿ ಲೇಔಟಿನ ಖಾಲಿ ರಸ್ತೆ, ಅನುಮತಿ ಸಿಕ್ಕಿದೆ. ಫುಲ್‌ಫ್ರೇಮ್ ಬಾಡಿ, 16-35, 70-200 ಎಂ.ಎಂ. ಲೆನ್ಸ್ ಇದೆ. ಬೇಕಿರೋದು ರಿಗ್ ಶಾಟ್, ಅಂದ್ರೆ ಗಾಡಿಗೇ ಪೋಲ್ ಕೂರಿಸಿ ಅದರ ತುದಿಯ ಕ್ಯಾಮೆರಾದಿಂದ ತೆಗೆಯೋ ಫೋಟೊ. ಅದಕ್ಕೆ ಗಾಡಿಗೆ ಅಂಟಿ ಕೂರೋ ಸಕ್ಷನ್ ಕಪ್, ಪೋಲ್, ಬೆಳಕು ತಗ್ಗಿಸೋ ಎನ್‌ಡಿ ಫಿಲ್ಟರ್ ಬಾಡಿಗೆಗೆ ತರಬೇಕು. ಗಾಡಿ ಶಾರ್ಪ್ ಆಗಿದ್ದು ನೆಲ ಮಾತ್ರ ಓಡಿದ ಹಾಗೆ ಕಾಣಬೇಕು. 20 ಕಿ.ಮೀ. ವೇಗದಲ್ಲಿ 1/15 ಸೆಕೆಂಡ್ ಷಟರ್‌ಗೆ ತೆಗೆದ ಟ್ರಯಲ್‌ನಲ್ಲಿ ಗಾಡಿಯೂ ಅಲುಗಿದೆ. ತಪ್ಪೆಲ್ಲಿ?

ವೇಮಗಲ್_ಫ್ರೇಮ್:
ತಪ್ಪು ವೇಗದಲ್ಲಿದೆ. ರಿಗ್ ಶಾಟ್‌ಗೆ ಗಾಡಿ ಓಡಿಸಬೇಡಿ, ಇಂಜಿನ್ ಆಫ್ ಮಾಡಿ ತಳ್ಳಿಸಿ. 20 ಕಿ.ಮೀ. ವೇಗದಲ್ಲಿ 1/15 ಸೆಕೆಂಡಿಗೆ ಗಾಡಿ ಸಾಗೋದು 37 ಸೆಂ.ಮೀ. ಮಾತ್ರ. 3 ಕಿ.ಮೀ. ವೇಗದಲ್ಲಿ ತಳ್ಳಿ 1 ಸೆಕೆಂಡ್ ಷಟರ್ ಇಟ್ಟರೆ 83 ಸೆಂ.ಮೀ. ನೆಲ ಎರಡರಷ್ಟು ಎಳೆದ ಹಾಗೆ ಬರುತ್ತೆ, ಇಂಜಿನ್ನಿನ ನಡುಕ, ಗಾಳಿಯ ಹೊಡೆತ ಎರಡೂ ಇರಲ್ಲ.

ಬಿಸಿಲಲ್ಲಿ ಐಎಸ್‌ಓ 100, ಎಫ್/11ಕ್ಕೆ ಷಟರ್ ಸುಮಾರು 1/200. ಎನ್‌ಡಿ 64 (6 ಸ್ಟಾಪ್, ಅಂದ್ರೆ ಬೆಳಕು ಆರು ಸಲ ಅರ್ಧರ್ಧ ಆಗುತ್ತೆ) ಹಾಕಿದರೆ 1/3 ಸೆಕೆಂಡ್. ಪ್ರತಿಫಲನ ತಗ್ಗಿಸೋ ಪೋಲರೈಸರ್ ಫಿಲ್ಟರ್ ಇನ್ನೊಂದೂವರೆ ಸ್ಟಾಪ್ ತಿನ್ನುತ್ತೆ, ಅಲ್ಲಿಗೆ 1 ಸೆಕೆಂಡ್ ಸಿಕ್ಕಿತು. 10 ಸ್ಟಾಪಿಂದು ತಂದರೆ ಇದೇ ಬೆಳಕಲ್ಲಿ 5 ಸೆಕೆಂಡ್ ಆಗುತ್ತೆ, ಅಷ್ಟು ಹೊತ್ತು ಒಂದೇ ಸಮ ತಳ್ಳೋದು ಕಷ್ಟ. ಎರಡು ಫಿಲ್ಟರ್ ಒಂದರ ಮೇಲೊಂದು ಹಾಕಿದಾಗ 16 ಎಂ.ಎಂ.ನಲ್ಲಿ ಫ್ರೇಮಿನ ಮೂಲೆ ಕಪ್ಪಾಗುತ್ತೆ, 20 ಎಂ.ಎಂ.ನಿಂದ ಮೇಲಿರಿ.

ಪೋಲ್ 3-4 ಮೀಟರ್ ಸಾಕು. ಕಪ್‌ಗಳನ್ನು ಹತ್ತಿರಹತ್ತಿರ ಕೂರಿಸಿದರೆ ತುದಿ ತೂಗುತ್ತೆ, ಆದಷ್ಟು ದೂರ ಇಡಿ. ತಳ್ಳಲು ಶುರುಮಾಡಿದ ತಕ್ಷಣ ಕ್ಲಿಕ್ ಮಾಡಬೇಡಿ. ಮೊದಲ ಎಳೆತಕ್ಕೆ ಪೋಲ್ ತೂಗಾಡುತ್ತೆ, ಅದು ನಿಂತ ಮೇಲೆ ರಿಮೋಟ್ ಒತ್ತಿ. ಸ್ಟೆಬಿಲೈಸೇಷನ್ ಆಫ್, ಫೋಕಸ್ ಮ್ಯಾನುಯಲ್. ಹತ್ತಿಪ್ಪತ್ತು ಫ್ರೇಮ್ ತೆಗೆದರೆ ಮೂರ್ನಾಲ್ಕು ಚೆನ್ನಾಗಿ ಬರುತ್ತವೆ.

ಸ್ಟಿಯರಿಂಗ್ ಹಿಂದೆ ಒಬ್ಬರು ಇರಲೇಬೇಕು. ಇಗ್ನಿಷನ್ ಆನ್ ಇರಲಿ, ಇಲ್ಲಾಂದ್ರೆ ಸ್ಟಿಯರಿಂಗ್ ಲಾಕ್ ಆಗುತ್ತೆ. ಇಂಜಿನ್ ಆಫ್ ಇದ್ದಾಗ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತೆ, ಅದಕ್ಕೇ ಇಳಿಜಾರು ರಸ್ತೆ ಬೇಡವೇ ಬೇಡ.

ತುಮಕೂರ್_ಲೈಟ್:
ಪೋಲರೈಸರ್ ಬಗ್ಗೆ ಒಂದು ಮಾತು. ಅದು ಬಾನೆಟ್, ಗಾಜು ಎರಡರ ಪ್ರತಿಫಲನವನ್ನೂ ಒಂದೇ ಕೋನದಲ್ಲಿ ಕತ್ತರಿಸಲ್ಲ. ನಿಂತ ಗಾಡಿಯ ಫೋಟೊಗೆ ಟ್ರೈಪಾಡ್ ಅಲ್ಲಾಡಿಸದೆ ಫಿಲ್ಟರ್ ತಿರುಗಿಸಿ ಮೂರು ಫ್ರೇಮ್ ತೆಗೆಯಿರಿ: ವಿಂಡ್‌ಶೀಲ್ಡ್‌ಗೊಂದು, ಬಾನೆಟ್‌ಗೊಂದು, ಪಕ್ಕದ ಬಾಗಿಲಿಗೊಂದು. ಆಮೇಲೆ ಎಡಿಟಿಂಗ್‌ನಲ್ಲಿ ಮಾಸ್ಕ್ ಹಾಕಿ, ಮೂರರಲ್ಲೂ ಚೆನ್ನಾಗಿ ಬಂದ ಭಾಗ ಸೇರಿಸಿ. ಬಾಗಿಲಿನ ಟೆಂಪರ್ಡ್ ಗಾಜಲ್ಲಿ ಕಲೆಕಲೆಯಾಗಿ ಬಣ್ಣ ಕಂಡರೆ ಗಾಜು ಒರೆಸುತ್ತಾ ಕೂರಬೇಡಿ, ಅದು ಗಾಜಿನೊಳಗಿನ ಒತ್ತಡ ಪೋಲರೈಸರ್‌ಗೆ ಕಾಣೋದು. ಕಪ್ಪು ಬಣ್ಣದ ಪ್ರತಿಫಲನ ಪೂರ್ತಿ ತೆಗೆದರೆ ಗಾಡಿಯ ಆಕಾರವೇ ಸತ್ತುಹೋಗುತ್ತೆ, ಒಂದು ಉದ್ದ ಬೆಳಕಿನ ಗೆರೆ ಉಳಿಸಿಕೊಳ್ಳಿ.

ವಿಡಿಯೊಗೆ ಸೆಕೆಂಡಿಗೆ 25 ಫ್ರೇಮ್, ಷಟರ್ 1/50. ಎಲ್‌ಇಡಿ ಡಿಆರ್‌ಎಲ್ (ಹಗಲಲ್ಲೂ ಉರಿಯೋ ಮುಂದಿನ ದೀಪ) ಮಿಣುಕಿದರೆ ಷಟರನ್ನು ಸ್ವಲ್ಪಸ್ವಲ್ಪ ಬದಲಿಸಿ, ದೊಡ್ಡ ಸ್ಕ್ರೀನಲ್ಲಿ ನೋಡಿಯೇ ಮುಂದೆ ಹೋಗಿ. ಎಡಿಟಿಂಗ್‌ನಲ್ಲಿ ಅದನ್ನು ಸರಿಮಾಡೋದು ತುಂಬಾ ಕಷ್ಟ.

ನಂದಿತಪ್ಪಲು:
ತುಂಬಾ ಥ್ಯಾಂಕ್ಸ್ ಅಣ್ಣ. ಕಪ್‌ನಿಂದ ಪೇಂಟ್‌ಗೆ ಏನೂ ಆಗಲ್ವಾ? ಬಾನೆಟ್ ಹೋದ ತಿಂಗಳು ರೀಪೇಂಟ್ ಆಗಿದೆ.

ವೇಮಗಲ್_ಫ್ರೇಮ್:
ಹಾಗಾದ್ರೆ ಬಾನೆಟ್ ಮುಟ್ಟಲೇಬೇಡಿ. ಹೊಸ ರೀಪೇಂಟ್, ರ‍್ಯಾಪ್ (ಬಾಡಿ ಮೇಲೆ ಅಂಟಿಸೋ ಫಿಲ್ಮ್) ಇದ್ದ ಕಡೆ ಪೇಂಟೋ ಫಿಲ್ಮೋ ಕಿತ್ತು ಬರಬಹುದು. ವಿಂಡ್‌ಶೀಲ್ಡ್ ಮೇಲೆ ಕೂರಿಸಿ. ನಮ್ಮ ಕಡೆ ಕೆಂಪು ಧೂಳು ಜಾಸ್ತಿ. ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತೆ. ಮೊದಲು ನೀರು ಹಾಕಿ ತೊಳೆಯಿರಿ, ಆಮೇಲೆ ಗಾಜು, ಸಕ್ಷನ್ ಕಪ್‌ನ ರಬ್ಬರ್ ಎರಡನ್ನೂ ಮೈಕ್ರೋಫೈಬರ್‌ನಿಂದ ಒರೆಸಿ. ಒಂದು ಕಾಳು ಮಣ್ಣು ಸಿಕ್ಕಿಕೊಂಡರೂ ಗಾಳಿ ಒಳಗೆ ಹೋಗುತ್ತೆ. ಪಂಪ್ ಇರೋ 6 ಇಂಚಿನ ಸಕ್ಷನ್ ಕಪ್‌ ಅನ್ನೇ ತನ್ನಿ. ಪಂಪಿನ ಕೆಂಪು ಗೆರೆ ಹೊರಗೆ ಕಂಡರೆ ಹಿಡಿತ ಬಿಡ್ತಿದೆ ಅಂತ ಅರ್ಥ, ಪ್ರತಿ ಟೇಕ್ ಮುಂಚೆ ನೋಡಿ. ಕ್ಯಾಮೆರಾದಿಂದ ಗಾಡಿಗೆ ಸೇಫ್ಟಿ ಹಗ್ಗ ಬೇರೆಯಾಗಿ ಕಟ್ಟಿ, ಪೋಲಿಗಲ್ಲ.

ಕೊನೆಗೆ ರಿಗ್ ಬಿಚ್ಚಿ, ಕ್ಯಾಮೆರಾ ಇದ್ದ ಜಾಗದಲ್ಲೇ, ಅದೇ ಎತ್ತರಕ್ಕೆ ಟ್ರೈಪಾಡ್ ಇಟ್ಟು ರಿಗ್ ಇಲ್ಲದ ಗಾಡಿಯ ಫ್ರೇಮ್ ಒಂದು ತೆಗೆಯಿರಿ. ಪೋಲ್ ಅಳಿಸೋದು ಸುಲಭ, ಕಪ್ಪು ಬಾನೆಟ್ ಮೇಲೆ ಬಿದ್ದ ಅದರ ಪ್ರತಿಬಿಂಬ ಅಳಿಸೋಕೆ ಆ ಫ್ರೇಮ್ ಬೇಕಾಗುತ್ತೆ.